ಚಕ್ಕುಬಂದಿ

ಚಿಂತಾಮಣಿ ಸಬ್‌ರಿಜಿಸ್ಟ್ರಾರ್ ಕಚೇರಿ ಎದುರು
ಜೆರಾಕ್ಸ್ ಅಂಗಡಿಗೂ ಎಳನೀರಿನ ಗಾಡಿಗೂ ನಡುವೆ
ಒಂದು ಮೇಜು, ಎರಡು ಸ್ಟೂಲು, ನಾನು.
ಮೂವತ್ತೊಂದು ವರ್ಷದಿಂದ ಊರ ಆಸ್ತಿಯನ್ನೆಲ್ಲ
ನಾಲ್ಕು ದಿಕ್ಕಿಗೆ ಕಟ್ಟಿ ಕೂರಿಸುವುದೇ ಕಸುಬು.
ತೆಲುಗಿನಲ್ಲಿ ಜಗಳವಾಡಿ ಬಂದವರು
ಇಲ್ಲಿ ಕನ್ನಡದಲ್ಲಿ ಸಹಿ ಹಾಕಿ ಹೋಗುತ್ತಾರೆ.

ಹಿಟ್ಟಿನ ಗಿರಣಿ ಕದಿರಮ್ಮ ಬಂದದ್ದು ಮಂಗಳವಾರ,
ಗಿರಣಿಗೆ ರಜೆ. ರೆಪ್ಪೆ ಮೇಲಿನ್ನೂ ರಾಗಿಹಿಟ್ಟು.
ಸೆರಗಿನ ತುದಿ ಹಿಡಿದು ಹಿಂದೆ ತಮ್ಮ ಪಿಳ್ಳಣ್ಣ,
ವಯಸ್ಸು ನಲವತ್ತೊಂಬತ್ತು.
ನೋಟು ಎಣಿಸಲು ಬಾರದು; ಬೆಲ್ಟು ಸಡಿಲವಾದರೆ ಮಾತ್ರ
ಆಚೆ ಬೀದಿಯಿಂದಲೇ ಕಿವಿಯಲ್ಲಿ ಹಿಡಿಯುತ್ತಾನೆ.

"ವಿಲ್ಲು ಬರೆದುಬಿಡಿ ಸಾಮಿ."

ವಿಲ್ಲು!
ಟೊಮೆಟೊ ಮಂಡಿ ಗಂಗುಲಪ್ಪನದನ್ನು ಬರೆದದ್ದು ಈ ಕೈಯೇ:
ಎರಡು ಸಂಸಾರ, ನೀಟಾಗಿ ಎರಡು ಪಾಲು.
ಅವನು ಹೋದ ಮೇಲೆ ಕೋರ್ಟಿನಲ್ಲಿ ಹನ್ನೊಂದು ವರ್ಷ.
ಸಾಕ್ಷಿ ಹಾಕಿದವರಲ್ಲಿ ಒಬ್ಬ ಸತ್ತ, ಇನ್ನೊಬ್ಬನಿಗೆ ಮರೆವು.
ಸಹಿ ಅಪ್ಪನದಲ್ಲ ಅಂದರು
ಅಪ್ಪನ ಮೂಗನ್ನೇ ಹೊತ್ತ ಮಕ್ಕಳು.
ಕಟಕಟೆಯಲ್ಲಿ ನಾನೂ ನಿಂತೆ, ಅಕ್ಷರ ನನ್ನದೇ ಅಂದೆ.
ಅಷ್ಟರಲ್ಲಿ ಮಂಡಿಯ ಬೀಗದೊಳಗೆ
ಕಣಜ ಗೂಡು ಕಟ್ಟಿತ್ತು.

ಹೇಳಿದೆ: ವಿಲ್ಲು ಬಾಯಿ ಬಿಡುವುದು, ಕದಿರಮ್ಮ,
ಬರೆಸಿದವರ ಬಾಯಿ ಮುಚ್ಚಿದ ಮೇಲೆ.
ಇವನಿಗೆ ಹಸಿವಾದರೆ ಅಷ್ಟು ಕಾಯಲು ಬರುತ್ತದೆಯೆ?
ಟ್ರಸ್ಟು ಮಾಡೋಣ. ನೀವು ಇರುವಾಗಲೇ ಗಿರಣಿ
ನಿಮ್ಮ ಹೆಸರಿನ ಸೊಂಟದಿಂದ ಇಳಿದು
ನಡೆಯಲು ಕಲಿಯಲಿ.

ಆಕೆ ಬಹಳ ಹೊತ್ತು ಬೆರಳು ಮಡಿಸಿ, ಬಿಡಿಸಿ,
"ಅಂದರೆ ಗಿರಣೀನ ಇವನಿಗೆ ಕೊಡೋದಲ್ಲ,
ಇವನನ್ನ ಗಿರಣಿಗೆ ಕೊಡೋದು" ಅಂದಳು.
ನನ್ನ ಕಾನೂನಿನ ಪುಸ್ತಕದಲ್ಲಿ ಇಷ್ಟು ಸರಿಯಾಗಿಲ್ಲ.

ಬರೆಯುತ್ತ ಹೋದೆ. ಎರಡು ಮೋಟಾರು,
ಹಿಂದಿನ ಶೀಟಿನ ಮನೆ, ಬ್ಯಾಂಕಿನಲ್ಲಿಟ್ಟ ಎಫ್‌ಡಿ.
ವಿಶ್ವಸ್ತರು: ತಂಗಿಯ ಮಗಳು ರತ್ನಪ್ರಭ, ನರ್ಸು;
ಬೆಲ್ಟು ಬಿಗಿಯುವ ಖಲಂದರ್.
ಅಣ್ಣನ ಮಕ್ಕಳು? ಅಂದೆ.
ಆಕೆ ಎಳನೀರಿನ ಗಾಡಿ ಕಡೆ ನೋಡಿದಳು.
ಇನ್ನೊಮ್ಮೆ ಕೇಳಲಿಲ್ಲ.

"ಈಗ ಇವನದು ಬರೀರಿ."
ಬರೆದಿದ್ದೇನಲ್ಲ, ಫಲಾನುಭವಿ ಅಂತ.
"ಅದಲ್ಲ. ಇವನ ಚಕ್ಕುಬಂದಿ."

ಪೂರ್ವಕ್ಕೆ ಗುಡುಗು. ಬಂದರೆ ಹಿಟ್ಟಿನ ಡಬ್ಬದ ಹಿಂದೆ
ಅವಿತುಕೊಳ್ಳುತ್ತಾನೆ, ಯಾರೂ ಎಳೆಯಬಾರದು.
ಪಶ್ಚಿಮಕ್ಕೆ ಆಗತಾನೆ ಬೀಸಿದ ಹಿಟ್ಟಿನ ಬಿಸಿ;
ಅದರಲ್ಲಿ ಕೈ ಇಟ್ಟರೆ ನಿದ್ದೆ.
ದಕ್ಷಿಣಕ್ಕೆ ತಟ್ಟೆ. ಒಬ್ಬನೇ ಉಣ್ಣುವವನಲ್ಲ.
ಇದನ್ನು ನಾನು ಪತ್ರದ ಭಾಷೆಗೆ ತಿರುಗಿಸಿದೆ:
ಸದರಿ ಪಿಳ್ಳಣ್ಣ ಉಣ್ಣುವಾಗ ಪಕ್ಕದಲ್ಲಿ
ಒಬ್ಬರು ಕೂತಿರತಕ್ಕದ್ದು.

ಉತ್ತರಕ್ಕೆ?
"ಅದಕ್ಕೇ ಅಲ್ಲವಾ ನಿಮ್ಮ ಹತ್ತಿರ ಬಂದಿದ್ದು."

ಇಷ್ಟು ವರ್ಷ ನಾನು ನಿಂತದ್ದು ಪತ್ರದ ಕೆಳಗೆ,
ಬಿಕ್ಕಲಂ ಎಂಬ ಒಂದು ಪದದ ನೆರಳಲ್ಲಿ;
ಒಳಗೆ ಕಾಲಿಟ್ಟವನಲ್ಲ.
ಮೂರನೇ ವಿಶ್ವಸ್ತನ ಸಾಲು ಖಾಲಿ ಇತ್ತು.
ಪೆನ್ನಿನ ಮುಚ್ಚಳ ಹಾಕಿದೆ, ತೆಗೆದೆ.
ಅಷ್ಟರಲ್ಲಿ ಪಿಳ್ಳಣ್ಣ, ಯಾರೂ ಕೇಳದ ತನ್ನ ಹೆಬ್ಬೆಟ್ಟನ್ನು
ಇಂಕ್ ಪ್ಯಾಡಿಗೆ ಅದ್ದಿ
ಮೇಜಿನ ಉದ್ದಕ್ಕೂ ಒತ್ತುತ್ತಿದ್ದ,
ನನ್ನ ಕಡೆಗೆ.

ಕದಿರಮ್ಮ ಇನ್ನೂ ಗಟ್ಟಿಮುಟ್ಟಾಗಿದ್ದಾಳೆ,
ಸೇರಿಗೆ ಒಂದು ರೂಪಾಯಿಗೂ ಜಗಳ ಬಿಡುವುದಿಲ್ಲ.
ನನ್ನ ಸರದಿಯ ದಿನ ಬಂದಿಲ್ಲ.
ಆದರೂ ಮಂಗಳವಾರ ನನ್ನ ಊಟದ ಡಬ್ಬಿ
ಗಿರಣಿಯಲ್ಲೇ ಬಿಚ್ಚುತ್ತೇನೆ, ಅಭ್ಯಾಸವಾಗಲಿ ಅಂತ.
ಅವನು ಒಂದು ತುತ್ತು ತಿನ್ನುತ್ತಾನೆ,
ತಿರುಗಿ ನೋಡುತ್ತಾನೆ, ಇದ್ದೇನಾ ಎಂದು,
ಮತ್ತೊಂದು ತುತ್ತು.